ಜಲಜಕ್ಕನ ಆರು ಸೆಕೆಂಡು

ಬೆಳಿಗ್ಗೆ ಆರೂ ಕಾಲು. ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಫಾರ್ಮಸಿ ಕಾಲೇಜು. ಅದರ ಹಿಂಭಾಗದಲ್ಲಿ, ಜನರೇಟರ್ ಶೆಡ್ಡಿಗೆ ಒತ್ತಿಕೊಂಡಿರುವ ಕೋಣೆಯ ಬಾಗಿಲಲ್ಲಿ ನಿಂತು ಜಲಜಕ್ಕ ಬೈಯುತ್ತಿದ್ದಾರೆ. ಎದುರಿಗೆ ಯಾರೂ ಇಲ್ಲ. ರಾತ್ರಿ ಕರೆಂಟು ಹೋಗಿದೆ, ಜನರೇಟರ್ ಹಾಕಬೇಕಾದ ವಾಚ್‌ಮನ್ ಗೊರಕೆ ಹೊಡೆದಿದ್ದಾನೆ, ಒಳಗಿನ ಕಾವು ಇಪ್ಪತ್ತೆಂಟು ಡಿಗ್ರಿಗೆ ಏರಿದೆ. ಇಪ್ಪತ್ನಾಲ್ಕು ದಾಟಬಾರದು ಎಂದು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದದ್ದು ಯಾರಿಗಾಗಿ ಎಂಬುದು ಅವರ ಪ್ರಶ್ನೆ.

ಮನೆಯಲ್ಲಿ ಮಿಂದು ಬಂದವರು ಇಲ್ಲಿ ಮತ್ತೊಮ್ಮೆ ಕೈಕಾಲು ತೊಳೆದು, ಸೀರೆಯ ಮೇಲೆ ಹಸಿರು ಗೌನು ಹಾಕುತ್ತಾರೆ. ತಲೆಗೆ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ. ಒಳಗೆ ನಲವತ್ತಾರು ಪಂಜರ, ಇನ್ನೂರ ಹನ್ನೆರಡು ಬಿಳಿ ಇಲಿಗಳು. ಹಳೆಯ ಭತ್ತದ ಹೊಟ್ಟು ತೆಗೆದು ಹೊಸದು ಹಾಸಬೇಕು, ನೀರಿನ ಬಾಟಲಿ ತುಂಬಬೇಕು, ಒಂದೊಂದನ್ನೂ ಎತ್ತಿ ತೂಕ ನೋಡಬೇಕು. ಭಾನುವಾರವೂ ಬರಬೇಕು. ಇಲಿಯ ಹೊಟ್ಟೆಗೆ ರಜೆ ಕೊಡುವ ಸುತ್ತೋಲೆ ಇನ್ನೂ ಹೊರಟಿಲ್ಲ. ಹದಿನೈದು ವರ್ಷದಿಂದ ಇದೇ ಕೆಲಸ. ಈ ಕೋಣೆಯಿಂದ ಹೊರಟ ಪ್ರಬಂಧಗಳ ಕೊನೆಯ ಪುಟದಲ್ಲಿ ಹೊಟ್ಟು ಕೊಟ್ಟ ಅಕ್ಕಿ ಗಿರಣಿಗೂ ಕೃತಜ್ಞತೆ ಇದೆ, ಜಲಜಕ್ಕನಿಗೆ ಮಾತ್ರ ಇಲ್ಲ.

ಇಲ್ಲಿ ಹುಡುಕುತ್ತಿರುವುದು ನೋವಿನ ಮದ್ದು. ಮಾರ್ಫಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು, ಈ ಸಂಶೋಧನೆ ನಡೆಸುವ ಬಾಲಚಂದ್ರ ಸರ್ ಬೋರ್ಡಿನ ಮೇಲೆ ಚಿತ್ರ ಬರೆದು ಒಂದು ಗಂಟೆ ಪಾಠ ಮಾಡುತ್ತಾರೆ. ಜೀವಕೋಶದ ಮೈಮೇಲಿನ ರಿಸೆಪ್ಟರ್‌ಗಳ ಆ ಪಾಠವನ್ನು ಕಸ ಗುಡಿಸುತ್ತ ಕೇಳಿಸಿಕೊಂಡ ಜಲಜಕ್ಕ ನಾಲ್ಕು ಮಾತಿನಲ್ಲಿ ಮುಗಿಸುತ್ತಾರೆ. "ಮದ್ದ್ ಕೂಕಂಬುಕೆ ಮೈಯಂಗೆ ಒಂದ್ ಜಾಗ ಇತ್ತ್. ಅಲ್ ಕೂತ್ರೆ ನೋವ್ ಹೋತ್ತ್, ಒಟ್ಟಿಗೆ ಉಸ್ರೂ ಕಮ್ಮಿ ಆತ್ತ್. ನೋವ್ ಹೋಯ್ಕ್, ಉಸ್ರ್ ಇರ್ಕ್. ಇವ್ರ್ ಹುಡ್ಕೂದ್ ಅಷ್ಟೇ."

ನೋವನ್ನು ಕಳೆದು ಉಸಿರನ್ನು ಉಳಿಸುವ ಅಂಥ ಮದ್ದಿನ ಅಗತ್ಯ ಎಷ್ಟು ಎಂಬುದನ್ನು ಅವರಿಗೆ ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿಲ್ಲ. ಕೋಟದ ಪಡುಕರೆಯ ಅವರ ಮನೆಯ ಜಗುಲಿಯಲ್ಲಿ ಗಂಡ ತಿಮ್ಮ ಮಲಗಿದ್ದಾರೆ. ಇಪ್ಪತ್ತು ವರ್ಷ ಬೋಟಿನಲ್ಲಿ ಬಲೆ ಎಳೆದವರು. ಬೋಟಿನಲ್ಲಿ ಉಪ್ಪಿನ ಭರಣಿಯ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತಿತ್ತು, ಅದರ ತುಂಬ ನೋವಿನ ಮಾತ್ರೆ. ಬೆಳಿಗ್ಗೆ ಚಾದ ಜೊತೆ ಎರಡು, ಸಂಜೆ ಎರಡು. ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ, ಅಂಗಡಿಯವನು ಕೇಳಿದಷ್ಟು ಕೊಟ್ಟದ್ದು. ಎಂಟು ವರ್ಷ ತಿಂದ ಮೇಲೆ ಕಿಡ್ನಿ ಎರಡೂ ಕೈಕೊಟ್ಟವು. ಈಗ ವಾರಕ್ಕೆ ಎರಡು ಡಯಾಲಿಸಿಸ್. ಆ ಮಾತ್ರೆ ಇನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಬೆನ್ನು ನೋವು ಮಾತ್ರ ಎಲ್ಲಿಗೂ ಹೋಗಿಲ್ಲ.

ಜಲಜಕ್ಕ ಈ ಕೆಲಸಕ್ಕೆ ಸೇರಿದ್ದು 1998ರಲ್ಲಿ. ಅದಕ್ಕೂ ಮೊದಲು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಸಾಲಿಗ್ರಾಮದ ಕಡೆ ಮನೆಮನೆ ತಿರುಗುತ್ತಿದ್ದರು. ಸೇರಿದ ಮರುವರ್ಷ ಒಂದು ಘಟನೆ ನಡೆಯಿತು. ಬಾಣಂತಿ ಇಲಿಯೊಂದು ತನ್ನ ಒಂಬತ್ತು ಮರಿಗಳನ್ನೂ ತಿಂದುಹಾಕಿತು. ಮರುವಾರ ಇನ್ನೊಂದು. ಯಾರಿಗೂ ಕಾರಣ ತಿಳಿಯಲಿಲ್ಲ. ಜಲಜಕ್ಕ ಎರಡು ದಿನ ಯೋಚಿಸಿ, ಮೂರನೆಯ ದಿನ ತಮ್ಮ ಸೀರೆಯ ಸೆರಗು ನೋಡಿಕೊಂಡರು. ಮನೆಯ ಬೆಕ್ಕಿನ ಕೂದಲು ಅಂಟಿಕೊಂಡಿತ್ತು. ವಾಸನೆಗೇ ತಾಯಿ ಹೆದರಿಹೋಗಿತ್ತು. ಸಾಕಿದ ಬೆಕ್ಕನ್ನು ಚೀಲಕ್ಕೆ ಹಾಕಿ ಶಿರೂರಿನ ತಂಗಿ ಸೀತು ಮನೆಗೆ ಬಿಟ್ಟು ಬಂದರು. ಮೀನುಗಾರರ ಕೇರಿಯಲ್ಲಿ ಬೆಕ್ಕಿಲ್ಲದ ಮನೆ ಇವರದೊಂದೇ. ಕೇರಿಯವರು ಇವತ್ತಿಗೂ ನಗುತ್ತಾರೆ.

2011ರಲ್ಲಿ ಬಾಲಚಂದ್ರ ಸರ್ ತಂಡ ತಯಾರಿಸಿದ ಹದಿನಾಲ್ಕನೇ ನಂಬರಿನ ಪುಡಿ ಇಡೀ ಕಾಲೇಜನ್ನು ಕುಣಿಸಿತು. ಪರೀಕ್ಷೆ ಹೀಗೆ: ಐವತ್ತೈದು ಡಿಗ್ರಿಗೆ ಕಾಯಿಸಿದ ತಟ್ಟೆಯ ಮೇಲೆ ಇಲಿಯನ್ನು ಬಿಡಬೇಕು. ಜಲಜಕ್ಕನ ಬಾಯಲ್ಲಿ ಅದು ದೋಸೆಯ ಕಾವಲಿ. ಬಿಸಿ ತಾಗಿ ಇಲಿ ಕಾಲು ನೆಕ್ಕಿದ ಕೂಡಲೇ ಎತ್ತಬೇಕು. ಹದಿನೈದು ಸೆಕೆಂಡಾದರೆ ನೆಕ್ಕದಿದ್ದರೂ ಎತ್ತಬೇಕು. ಎತ್ತುವ ಕೈ ಜಲಜಕ್ಕನದು. ಹೋಲಿಕೆಗೆಂದು ಬರೀ ನೀರು ಚುಚ್ಚಿದ ಇಲಿ ಆರು ಸೆಕೆಂಡಿಗೆ ನೆಕ್ಕುತ್ತಿತ್ತು, ಹದಿನಾಲ್ಕನೇ ಪುಡಿ ಕರಗಿಸಿ ಚುಚ್ಚಿದ್ದು ಹನ್ನೊಂದಕ್ಕೆ, ಅಂದರೆ ನೋವು ತಡವಾಗಿ ತಾಗುತ್ತಿತ್ತು. ಉಸಿರಾಟ ಒಂದಿಷ್ಟೂ ಇಳಿಯಲಿಲ್ಲ. ಮಾರ್ಫಿನ್ನನ್ನು ಅದರ ಜಾಗದಿಂದ ಎಬ್ಬಿಸುವ ಇನ್ನೊಂದು ಔಷಧ ಕೊಟ್ಟು ನೋಡಿದರೆ ಹನ್ನೊಂದು ಮತ್ತೆ ಆರಾಯಿತು. ಅಂದರೆ ಹದಿನಾಲ್ಕು ಸರಿಯಾದ ಜಾಗದಲ್ಲೇ ಕೂರುತ್ತಿದೆ, ಉಸಿರಿನ ತಂಟೆಗೂ ಹೋಗುತ್ತಿಲ್ಲ. ಸಿಹಿ ಹಂಚಿದರು. ಜಲಜಕ್ಕ ತಮ್ಮ ಪಾಲಿನ ಲಡ್ಡನ್ನು ಕಾಗದದಲ್ಲಿ ಕಟ್ಟಿ ಗಂಡನಿಗೆ ಒಯ್ದರು. ಇನ್ನು ನಾಲ್ಕೈದು ವರ್ಷ ತಡೆದುಕೊಳ್ಳಿ, ಮದ್ದು ಬರುತ್ತದೆ ಎಂದರು. ತಿಮ್ಮ ಅಂದಿನಿಂದ ದಿನವೂ ಹದಿನಾಲ್ಕನ್ನು ವಿಚಾರಿಸತೊಡಗಿದರು.

ಆದರೆ ಜಲಜಕ್ಕನ ಕಣ್ಣಿಗೆ ಬೇರೊಂದು ಬಿತ್ತು. ಹದಿನಾಲ್ಕರ ಪರೀಕ್ಷೆ ಸೋಮವಾರ, ಅದು ಸುಜನ್ ಎಂಬ ಸಂಶೋಧನಾ ವಿದ್ಯಾರ್ಥಿಯ ಪಾಳಿ. ಬರೀ ನೀರಿನದು ಗುರುವಾರ, ಇನ್ನೊಬ್ಬ ವಿದ್ಯಾರ್ಥಿನಿ ಸಿಂಚನಾಳದು. ಕಾವಲಿ ಒಂದೇ ಇದ್ದದ್ದಕ್ಕೆ ವಾರ ಹಂಚಿಕೊಂಡಿದ್ದರು. ಎರಡನ್ನೂ ಒಂದೇ ದಿನ, ಒಂದೇ ಕೈ ಮಾಡಬೇಕು ಎಂದು ಮೊದಲ ವರ್ಷದ ಪುಸ್ತಕದಲ್ಲಿ ಬರೆದಿದೆ. ಪುಸ್ತಕ ಕಪಾಟಿನಲ್ಲಿ ಭದ್ರವಾಗಿತ್ತು. ಸೋಮವಾರ ಸುಜನ್ ಒಳಗೆ ಕಾಲಿಟ್ಟೊಡನೆ, ಚುಚ್ಚುವ ಮೊದಲೇ, ಇಲಿಗಳು ಮೂಲೆ ಸೇರಿ ಮರಗಟ್ಟಿ ನಿಲ್ಲುತ್ತಿದ್ದವು. ಹಿಕ್ಕೆ ದುಪ್ಪಟ್ಟು, ತಿಂಡಿ ಅರ್ಧ. ಗುರುವಾರ ಇದೇನೂ ಇಲ್ಲ. ಸುಜನ್ ತ್ರಾಸಿಯ ಮೀನುಗಾರರ ಮನೆಯ ಹುಡುಗ. ಶನಿವಾರ ಬಿಳಿ ಕೋಟನ್ನು ಮನೆಗೆ ಒಯ್ದು, ತಾಯಿ ಒಗೆದು ಮಡಚಿಟ್ಟದ್ದನ್ನು ಸೋಮವಾರ ಹಾಕಿಕೊಂಡು ಬರುತ್ತಿದ್ದ. ಮನೆಯಲ್ಲಿ ಮೂರು ಬೆಕ್ಕು. ಅವು ಮಲಗುವುದು ಒಗೆದ ಬಟ್ಟೆಯ ರಾಶಿಯ ಮೇಲೆ.

ಕೋಟಿಗೆ ಬೆಕ್ಕಿನ ವಾಸನೆ ಅಂಟಿದೆ ಎಂದು ಜಲಜಕ್ಕ ಸುಜನನಿಗೆ ಹೇಳಿದರು, ಅವನು ಕೋಟು ಮೂಸಿ ಸಾಬೂನಿನ ಪರಿಮಳ ಎಂದ. ಸಿಂಚನಾಳಿಗೆ ಹೇಳಿದರು, ಅವಳು ಸರ್‌ಗೆ ಹೇಳಿ ಎಂದಳು. ಸರ್‌ಗೆ ಮೂರು ಸಲ ಹೇಳಿದರು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬುದು ಗಾದೆ ಜಲಜಾ, ಫಾರ್ಮಕಾಲಜಿ ಅಲ್ಲ ಎಂದು ಅವರು ನಕ್ಕರು. ಪ್ರಾಣಸಂಕಟದಲ್ಲಿ ಮೈ ತನ್ನದೇ ಮಾರ್ಫಿನ್ ತಯಾರಿಸುತ್ತದೆ, ಅದೂ ಆ ಜಾಗದಲ್ಲೇ ಹೋಗಿ ಕೂರುತ್ತದೆ, ಅದನ್ನೂ ಅದೇ ಔಷಧ ಎಬ್ಬಿಸುತ್ತದೆ ಎಂಬುದು ಅವರೇ ವರ್ಷವರ್ಷ ಮಾಡುವ ಪಾಠ. ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ.

ಪ್ರಬಂಧ ಅಂಚೆಗೆ ಹೋಗಲು ಹತ್ತು ದಿನ ಇರುವಾಗ ಜಲಜಕ್ಕ ಸರ್ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. "ಸರ್, ಒಂದ್ ಸೋಮಾರ ಬರೀ ನೀರ್ ಚುಚ್ಚಿ ಕಾಣಿ. ಕಾವಲಿ ಮೇಲೆ ಸುಜನನೇ ಬಿಡ್ಲಿ. ಆರಕ್ಕೆ ನೆಕ್ಕಿದ್ರೆ ನಾ ಇನ್ ಬಾಯಿ ಬಿಡ್ತಿಲ್ಲೆ."

ಕಾಟ ತಪ್ಪಲಿ ಎಂದು ಸರ್ ಒಪ್ಪಿದರು. ಸೋಮವಾರ ಎಲ್ಲರೂ ಸುತ್ತ ನಿಂತರು. ಇಲಿಗೆ ನೀರು ಚುಚ್ಚಿ, ಅರ್ಧ ಗಂಟೆ ಕಾದು, ಸುಜನ್ ಕಾವಲಿಯ ಮೇಲೆ ಬಿಟ್ಟ. ಸಿಂಚನಾ ಗಟ್ಟಿಯಾಗಿ ಸೆಕೆಂಡು ಎಣಿಸಿದಳು. ಎತ್ತಲು ಕೈ ಚಾಚಿ ನಿಂತ ಜಲಜಕ್ಕನ ಮನಸ್ಸಿನಲ್ಲಿ ಆಗ ಏನಿತ್ತು ಎಂದು ಯಾರೂ ಕೇಳಲಿಲ್ಲ. ಈಗ ಅವರೇ ಹೇಳುತ್ತಾರೆ. "ನೆಕ್ಕ್, ನೆಕ್ಕ್ ಅಂತಿದ್ದೆ. ನಾ ಹೇಳದ್ ಸುಳ್ಳಾಯ್ಲಿ ದೇವ್ರೇ ಅಂತ ಹೇಳ್ಕಂಡೆ. ನಂಗೂ ಬೇಕಿತ್ತಲ್ದಾ ಆ ಮದ್ದ್."

ಆರು ದಾಟಿತು. ಎಂಟು ದಾಟಿತು. ಹನ್ನೊಂದಕ್ಕೆ ಇಲಿ ಕಾಲು ನೆಕ್ಕಿತು. ಎರಡನೆಯದೂ ಹನ್ನೊಂದು, ಮೂರನೆಯದು ಹನ್ನೆರಡು. ಸರ್ ಕನ್ನಡಕ ತೆಗೆದು ಒರೆಸಿದರು. ಮರುದಿನ ಸುಜನನನ್ನು ಮೀಯಿಸಿ, ಇಲ್ಲೇ ಒಗೆದ ಗೌನು ಹಾಕಿಸಿ, ಅವನ ಕೈಯಿಂದ ಇಲಿಗೆ ಹದಿನಾಲ್ಕನ್ನೇ ಚುಚ್ಚಿಸಿದರು. ಇಲಿ ಆರಕ್ಕೆ ನೆಕ್ಕಿತು. ಇಷ್ಟು ದಿನ ನೋವು ತಡೆದದ್ದು ಹದಿನಾಲ್ಕಲ್ಲ, ಬೆಕ್ಕಿನ ಭಯ. ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮವಾಯಿತು. ಸುಜನ್ ಒಂದು ತಿಂಗಳು ಜಲಜಕ್ಕನ ಮುಖ ನೋಡಲಿಲ್ಲ.

ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಅಳು ಬಂದಿತ್ತು. ಸಿಟ್ಟಿನದ್ದೋ ದುಃಖದ್ದೋ ಅವರಿಗೂ ಗೊತ್ತಾಗಲಿಲ್ಲ. ಡಯಾಲಿಸಿಸ್ ಮುಗಿಸಿ ಬಂದು ಜಗುಲಿಯಲ್ಲಿ ಮಲಗಿದ್ದ ತಿಮ್ಮ ಎಂದಿನಂತೆ ಹದಿನಾಲ್ಕು ಎಲ್ಲಿಗೆ ಬಂತೆಂದು ಕೇಳಿದರು. ಜಲಜಕ್ಕ ಎಲ್ಲವನ್ನೂ ಹೇಳಿದರು. ತಿಮ್ಮ ಹೇಳಿದ್ದು ಇಷ್ಟು: "ಹಂಗಾರೆ ಅದ್ ಬ್ಯಾಡ. ನಂಗೆ ಒಂದ್ ಸಲ ನಂಬಿ ತಿಂದದ್ದೇ ಸಾಕಾಯ್ತ್."

ಈಗ 2013. ಹತ್ತೊಂಬತ್ತನೇ ಪುಡಿ ನಡೆಯುತ್ತಿದೆ. ನೀರೂ ಮದ್ದೂ ಒಂದೇ ದಿನ, ಒಂದೇ ಕೈ. ಹೊಸ ವಿದ್ಯಾರ್ಥಿಗಳು ಬಂದರೆ ಸುಜನನೇ ಬಾಗಿಲಲ್ಲಿ ನಿಂತು ಮನೆಯಲ್ಲಿ ಬೆಕ್ಕಿದೆಯೇ ಎಂದು ಕೇಳುತ್ತಾನೆ. ಬೆಕ್ಕು ಸಾಕುವವರು ಮಿಂದು ಬನ್ನಿ ಎಂದು ಜಲಜಕ್ಕ ಬರೆಸಿದ ಬೋರ್ಡನ್ನು, ತಪಾಸಣೆಗೆ ಬರುವವರಿಗೆ ಚಂದ ಕಾಣುವುದಿಲ್ಲವೆಂದು ಆಫೀಸಿನವರು ಕಿತ್ತು ಒಳಗಿಟ್ಟಿದ್ದಾರೆ. ಜಲಜಕ್ಕನ ಬೇಡಿಕೆ ಇನ್ನೊಂದಿದೆ. "ಪೇಪರಂಗೆ ನನ್ ಹೆಸ್ರ್ ಹಾಕುದ್ ಬ್ಯಾಡ. ಬಾಗ್ಲ ಹತ್ರ ಮೀವುಕೆ ಒಂದ್ ನಲ್ಲಿ ಹಾಕ್ಸಿ ಕೊಡಿ. ಎರಡ್ ವರ್ಷಾಯ್ತ್ ಅರ್ಜಿ ಕೊಟ್ಟ್." ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅವರ ಮೊಬೈಲು ಬಡಿದುಕೊಳ್ಳುತ್ತದೆ. ಪಡುಕರೆಯಿಂದ ತಿಮ್ಮ. ಬೆಳಗಿನ ಪರೀಕ್ಷೆಯ ಲೆಕ್ಕ ಕೇಳದೆ ಅವರು ಉಣ್ಣುವುದಿಲ್ಲ.

"ಇವತ್ತ್ ಎಷ್ಟಾಯ್ತ್?"

"ಆರ್."

"ಸಮಾ ಆರಾ?"

"ಸಮಾ ಆರ್. ನೀವ್ ಉಣ್ಣಿ."

ಹತ್ತೊಂಬತ್ತೂ ಕೈಕೊಟ್ಟಿತು ಎಂದಾಯಿತು. ಜಲಜಕ್ಕ ಮೊಬೈಲನ್ನು ಗೌನಿನ ಕಿಸೆಗೆ ಹಾಕಿ, ಕಾವಲಿ ಒರೆಸಲು ಬಟ್ಟೆ ಹಿಂಡುತ್ತಾರೆ. "ಬೇಜಾರ್ ಇತ್ತ್, ಇಲ್ದೇ ಎಂತ. ಆದ್ರೆ ನಮ್ಮನಿಯವ್ರಿಗೆ ಒಂದ್ ಧೈರ್ಯ. ಒಂದ್ ದಿನ ನಾ ಹನ್ನೊಂದ್ ಅಂದ್ರೆ, ಅದ್ ಹನ್ನೊಂದೇ."