ವಸ್ತಿ ಬಸ್ಸಿನ ಊರಲ್ಲಿ ಮಧ್ಯರಾತ್ರಿಯ ಪುಸ್ತಕ

ಪುಸ್ತಕ ಬಿಡುಗಡೆಗೆ ಯಾರಾದರೂ ಸ್ವೆಟರ್, ಟಾರ್ಚು, ಹಲ್ಲುಜ್ಜುವ ಬ್ರಶ್ಶು ಕಟ್ಟಿಕೊಂಡು ಹೋಗುತ್ತಾರಾ? ನಾನು ಹೋಗಿದ್ದೆ. ಆಹ್ವಾನ ಪತ್ರಿಕೆಯಲ್ಲಿ ‘ರಾತ್ರಿ ಹನ್ನೆರಡು ಗಂಟೆಗೆ ಸರಿಯಾಗಿ’ ಅಂತಿತ್ತು. ಅದನ್ನು ಟೈಪ್ ಮಾಡಿ ಪ್ರಿಂಟ್ ತೆಗೆದವಳೂ ನಾನೇ. (ಹೊಸ ಓದುಗರಿಗೆ: ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಹೊಟ್ಟೆಪಾಡು ಅದು. ಈ ಅಂಕಣ ಬಾಯಿಚಪಲ.)

ಪತ್ರಿಕೆ ನೋಡಿ ನಮ್ಮ ಮನೆಯವರು ಕೇಳಿದರು, “ಅಷ್ಟೊತ್ತಿಗೆ ಪುಸ್ತಕ ಬಿಡುಗಡಿ ಮಾಡ್ತಾರೋ, ನಿಧಿ ತೆಗೀತಾರೋ?”

ತಪ್ಪೇನಿಲ್ಲ, ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಪುಸ್ತಕ ಬರೆದವರು ಹುಸೇನಣ್ಣ. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಸ್ವಂತ ಹೆಂಡತಿಗೂ ಟಿಕೆಟ್ ಕೊಟ್ಟು ಚಿಲ್ಲರೆ ಕೇಳಿದ ಮನುಷ್ಯ. ತಮ್ಮ ಬಸ್ಸಿನ ಅನುಭವಗಳನ್ನು ಬರೆದು, ಪುಸ್ತಕ ಮಾಡಲು ಅನುಮತಿ ಕೋರಿ ಮೇಲಿನವರಿಗೆ ಅರ್ಜಿ ಕೊಟ್ಟರು. ಉತ್ತರ ಬರಲಿಲ್ಲ. ಇನ್ನೊಂದು ಕೊಟ್ಟರು. ಅದಕ್ಕೂ ಬರಲಿಲ್ಲ. “ಇದಕ್ಕೆಲ್ಲ ಪರ್ಮಿಷನ್ ಯಾರು ಕೇಳ್ತಾರಣ್ಣ?” ಅಂದರೆ, “ನಾನು ಕೇಳ್ತೀನಿ” ಅನ್ನುತ್ತಿದ್ದರು.

ಹೀಗೇ ರಿಟೈರ್‌ಮೆಂಟ್ ಬಂತು. ತಿಂಗಳ ಕೊನೆಯ ದಿನ. ಸಂಜೆ ಡಿಪೋದಲ್ಲಿ ಹಾರ, ಶಾಲು, ಮೈಸೂರುಪಾಕು ಎಲ್ಲ ಆಯಿತು. ಹಾಗಾದರೆ ಅಲ್ಲೇ ಪುಸ್ತಕವನ್ನೂ ಬಿಡುಗಡೆ ಮಾಡಬಹುದಿತ್ತಲ್ಲ? ಆಗದು.

“ಅಕ್ಕಾರ, ಹನ್ನೆರಡರ ತನಕ ನಾನು ನೌಕರದಾರ. ಹನ್ನೆರಡಾದ ಮ್ಯಾಲೆ ನನ್ನನ್ನ ಯಾರೂ ಕೇಳಂಗಿಲ್ಲ.”

ಅದಕ್ಕೇ ಮಧ್ಯರಾತ್ರಿ.

ಎಲ್ಲಿ ಅನ್ನುವುದಕ್ಕೂ ಅವರಲ್ಲಿ ಉತ್ತರ ಸಿದ್ಧವಿತ್ತು. ಹಂಪಸಾಗರದ ಆಚೆ, ಹೊಳೆ ಕಡೆಗಿರುವ ಒಂದು ಹಳ್ಳಿ. ರಾತ್ರಿ ಹೋಗಿ ಅಲ್ಲೇ ಮಲಗಿ ಬೆಳಗಿನ ಜಾವ ಹೊರಡುವ ವಸ್ತಿ ಬಸ್ಸಿನಲ್ಲಿ ಅವರು ಹನ್ನೊಂದು ವರ್ಷ ಆ ಊರಿಗೆ ಹೋಗಿದ್ದರು. ಆ ಹನ್ನೊಂದು ವರ್ಷವೂ ಅವರಿಗೆ ರಾತ್ರಿ ರೊಟ್ಟಿ ಹಾಕಿದವಳು ಗಂಗವ್ವ. ಬಸ್ಸು ನಿಲ್ಲುವ ಕಟ್ಟೆಯ ಎದುರು ಮನೆ. ಪುಸ್ತಕ ಬಿಡುಗಡೆ ಮಾಡುವವಳೂ ಅವಳೇ.

ನನಗೆ ಹೆದರಿಕೆ ಹುಟ್ಟಿದ್ದು ಇಲ್ಲೇ. ಪುಸ್ತಕದ ಏಳನೇ ಅಧ್ಯಾಯ ಗಂಗವ್ವನದು. ಅದನ್ನು ಟೈಪ್ ಮಾಡುವಾಗಲೇ ನನ್ನ ಕೈ ನಿಂತಿತ್ತು.

ವಿಷಯ ಇಷ್ಟು. ಮೊದಮೊದಲು ಗಂಗವ್ವ ಹುಸೇನಣ್ಣನಿಗೆ ಬೇರೆ ತಟ್ಟೆಯಲ್ಲಿ ಊಟ ಹಾಕುತ್ತಿದ್ದಳು. ಡ್ರೈವರ್‌ಗೆ ಮನೆಯ ಸ್ಟೀಲ್ ತಟ್ಟೆ, ಇವರಿಗೆ ಹೊರಗಿನ ಗೂಡಿನಲ್ಲಿ ಇಟ್ಟ ಅಲ್ಯೂಮಿನಿಯಂ ತಟ್ಟೆ. ಉಂಡು, ತೊಳೆದು, ಅಲ್ಲೇ ಇಡಬೇಕು. ಒಂದು ರಾತ್ರಿ ನಾಯಿ ಬಂದು ಆ ತಟ್ಟೆಯನ್ನೇ ಕಚ್ಚಿಕೊಂಡು ಓಡಿತು. ಗಂಗವ್ವ ನಾಯಿಯ ವಂಶವನ್ನೆಲ್ಲ ಬೈದು, ಒಳಗಿನಿಂದ ತನ್ನ ತಟ್ಟೆ ತಂದು ಮುಂದಿಟ್ಟಳು. ಮರುದಿನ ಅಲ್ಯೂಮಿನಿಯಂ ತಟ್ಟೆ ಸಿಕ್ಕಿತು. ಅವಳು ಅದನ್ನು ಎಮ್ಮೆಗೆ ಹಿಂಡಿ ನೆನೆಸಲು ಕೊಟ್ಟಿಗೆಗೆ ಹಾಕಿದಳು. ಹುಸೇನಣ್ಣ ಮತ್ತೆ ಅದರಲ್ಲಿ ಉಣ್ಣಲಿಲ್ಲ.

ಚೆಂದದ ಅಧ್ಯಾಯ. ಆದರೆ ಆ ಮುದುಕಿಯ ಎದುರಿಗೇ, ಅವಳ ಊರಿನಲ್ಲೇ?

“ಅಣ್ಣಾರ, ಇದನ್ನ ತೆಗೀರಿ” ಅಂದೆ. ಒಪ್ಪಲಿಲ್ಲ. ಮೂರು ದಿನ ವಾದ ಮಾಡಿದೆ. ಮನೆಗೆ ಕರೆದು ಚಹಾ ಕೊಟ್ಟು ವಾದ ಮಾಡಿದೆ. ಕೊನೆಗೆ ಒಂದು ರಾಜಿ ಆಯಿತು. ಹಸ್ತಪ್ರತಿಯಲ್ಲಿ ಅವರು ‘ಎರಡು ವರ್ಷ ಬೇರೆ ತಟ್ಟೆ’ ಅಂತ ಬರೆದಿದ್ದರು. ನಾನು ಅದನ್ನು ‘ಕೆಲವು ದಿನ’ ಮಾಡಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆ ರಾತ್ರಿ ಕೊನೇ ಬಸ್ಸಿಗೆ ನಾನು, ನನ್ನ ಗೆಳತಿ ಶಶಿಕಲಾ, ಹುಸೇನಣ್ಣ ಹತ್ತಿದೆವು. ಡ್ರೈವರ್ ಕೊಟ್ರೇಶಿ ಅವರ ಹಳೇ ಜೋಡಿ. ನನಗೂ ಶಶಿಕಲಾಗೂ ಆಧಾರ್ ತೋರಿಸಿ ಫ್ರೀ ಟಿಕೆಟ್. ಹುಸೇನಣ್ಣ ಮಾತ್ರ ದುಡ್ಡು ಕೊಟ್ಟರು. ಹೊಸ ಕಂಡಕ್ಟರ್ ಬೇಡ ಬೇಡ ಅಂದರೂ ಬಿಡಲಿಲ್ಲ. “ಡ್ಯೂಟಿ ಮ್ಯಾಲೆ ಇಲ್ಲಪ್ಪ, ಹರಿ ಟಿಕೆಟ್” ಅಂದರು. ಪುಸ್ತಕದ ಎರಡು ಬಂಡಲ್‌ಗೂ ಲಗೇಜ್ ಟಿಕೆಟ್ ಕೇಳುವವರಿದ್ದರು, ಶಶಿಕಲಾ ಕಣ್ಣು ಬಿಟ್ಟದ್ದಕ್ಕೆ ಸುಮ್ಮನಾದರು.

ಊರು ಎದ್ದಿತ್ತು ಕಣ್ರೀ! ನಾಲ್ಕು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಕಟ್ಟೆ ತುಂಬ ಜನ. ಬೇವಿನ ಮರಕ್ಕೆ ಬಲ್ಬು, ಒಲೆ ಮೇಲೆ ದೊಡ್ಡ ಬಾಣಲೆಯಲ್ಲಿ ಒಗ್ಗರಣೆ ಮಂಡಕ್ಕಿ. ಬ್ಯಾನರನ್ನು ಬಸ್ಸಿಗೇ ಕಟ್ಟಲು ಹೋದವರನ್ನು ಹುಸೇನಣ್ಣ ತಡೆದರು, “ಅದು ಸರ್ಕಾರದ್ದು, ಮರಕ್ಕ ಕಟ್ರಿ.” ಹನ್ನೊಂದೂವರೆಗೇ ಎಲ್ಲ ರೆಡಿ. ಆದರೆ ಹುಸೇನಣ್ಣ ಮೊಬೈಲ್ ಹಿಡಿದು ಕೂತೇ ಇದ್ದರು.

“ಲೇ ಹುಸೇನಿ, ಐದೂವರಿಗೆ ನಾನು ಬಸ್ ತೆಗೀಬೇಕಲೇ” ಅಂತ ಕೊಟ್ರೇಶಿ ಗೊಣಗಿದ.

“ಇನ್ನಾ ಎಂಟು ನಿಮಿಷ ಐತಿ.”

ಹನ್ನೆರಡಾಯಿತು. ಹುಸೇನಣ್ಣ ಎದ್ದು ನಿಂತರು. ಗಂಗವ್ವ ಪ್ಯಾಕೆಟ್ಟಿನ ದಾರ ಎಳೆದು ಪುಸ್ತಕ ಎತ್ತಿ ತೋರಿಸಿದಳು. ಚಪ್ಪಾಳೆಯೋ ಚಪ್ಪಾಳೆ. ಅಲ್ಲಿಗೆ ಮುಗಿಸಿ ಮಂಡಕ್ಕಿ ತಿನ್ನಬಹುದಿತ್ತು.

“ಏನಪ್ಪ ಹುಸೇನಪ್ಪ, ನನ್ನ ಬಗ್ಗಿ ಬರದೀಯಂತಲ್ಲ. ನನಗ ಓದಾಕ ಬರಂಗಿಲ್ಲ. ನೀನಾ ಓದಿ ಹೇಳು” ಅಂದಳು ಗಂಗವ್ವ.

ನಾನು ಶಶಿಕಲಾಳ ಕೈ ಹಿಡಿದುಕೊಂಡೆ. ಹುಸೇನಣ್ಣ ನನ್ನ ಕಡೆ ನೋಡಿದರು. ಬೇಡ ಅಂತ ತಲೆ ಅಲ್ಲಾಡಿಸಿದೆ. ಅವರು ಏಳನೇ ಅಧ್ಯಾಯ ತೆಗೆದು ಓದತೊಡಗಿದರು. ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗಿ ಕೂಗಿ ಪಳಗಿದ ಗಂಟಲು, ಕಟ್ಟೆಯ ಕೊನೆಗೆ ಕೂತವರಿಗೂ ಕೇಳಿಸುತ್ತಿತ್ತು. ತಟ್ಟೆಯ ಮಾತು ಬಂತು. ನಾಯಿಯ ಮಾತಿಗೂ ಯಾರೂ ನಗಲಿಲ್ಲ.

ಗಂಗವ್ವನ ಮಗ ಬಸಣ್ಣ ಎದ್ದು ನಿಂತ. “ಇದನ್ನ ಎಲ್ಲಾರ ಮುಂದ ಓದಬೇಕಿತ್ತೇನ್ರಿ?”

ಮುಗಿಯಿತು ಅಂದುಕೊಂಡೆ. ಮೂವತ್ತು ವರ್ಷ ದುಡಿದ ಮನುಷ್ಯನ ಮರ್ಯಾದೆ, ಹನ್ನೊಂದು ವರ್ಷದ ರೊಟ್ಟಿ ಎರಡೂ ಈ ಕಟ್ಟೆಯ ಮೇಲೇ ಹೋಗುತ್ತವೆ. ಹುಸೇನಣ್ಣನ ಮುಖ ನೋಡಲಾಗಲಿಲ್ಲ.

“ನೀ ಸುಮ್ನ ಕುಂದ್ರು” ಅಂದಳು ಗಂಗವ್ವ ಮಗನಿಗೆ. ಆಮೇಲೆ ಇವರ ಕಡೆ ತಿರುಗಿದಳು. “ಕೆಲವು ದಿನ ಅಂತ ಯಾಕ ಬರದಿ? ಎರಡು ವರ್ಷ ಆಗಿತ್ತಲ್ಲೋ. ಇಟ್ಟಾಕಿ ನಾನು, ನನಗ ಗೊತ್ತಿಲ್ಲೇನು?”

ಹುಸೇನಣ್ಣ ಮತ್ತೆ ನನ್ನ ಕಡೆ ನೋಡಿದರು.

“ಅದನ್ನ ಸುಳ್ಳು ಬರದ್ರ, ಆಮ್ಯಾಲೆ ನಾನು ಹಾಕಿದ ರೊಟ್ಟಿನೂ ಸುಳ್ಳಾಕ್ಕಾವು. ತಿದ್ದು.”

ಅಷ್ಟೇ. ಇಷ್ಟು ಮಾತಿಗೆ ಇಡೀ ಕಟ್ಟೆ ಉಸಿರು ಬಿಟ್ಟಿತು. ಮೊದಲು ನಕ್ಕವನು ಕೊಟ್ರೇಶಿ, ಆಮೇಲೆ ಎಲ್ಲರೂ. ಹುಸೇನಣ್ಣ ಅಳುತ್ತಿದ್ದರು, ನಗುತ್ತಲೂ ಇದ್ದರು. ಬಸಣ್ಣ ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಬಂದು ಅವರ ಪಕ್ಕದಲ್ಲಿ ಕೂತ.

“ತಿದ್ದಿದಾಕಿ ನಾನು” ಅಂತ ನಾನೇ ಒಪ್ಪಿಕೊಂಡೆ. (ಒಪ್ಪಿಕೊಳ್ಳದಿದ್ದರೆ ಶಶಿಕಲಾ ಹೇಳುತ್ತಿದ್ದಳು, ಅವಳ ಬಾಯಿ ನನಗೆ ಗೊತ್ತು.) ಗಂಗವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನೀನಾ ಕೆಡಿಸೀದಿ ಅಂದ್ಮ್ಯಾಲೆ ನೀನಾ ಸರಿ ಮಾಡು. ಎಲ್ಲಾ ಪುಸ್ತಕದಾಗೂ.”

ಮಾಡಿದೆ. ಬೇವಿನ ಮರದ ಕೆಳಗೆ ಕೂತು, ಬಾಲ್‌ಪೆನ್ನಿನಲ್ಲಿ ಒಂದೊಂದೇ ಪ್ರತಿ ತೆಗೆದು, ‘ಕೆಲವು ದಿನ’ ಹೊಡೆದು ಹಾಕಿ ಮೇಲೆ ‘ಎರಡು ವರ್ಷ’ ಅಂತ ಬರೆದೆ. ಮುಂದೆ ಕ್ಯೂ ನಿಂತಿತ್ತು. ಲೇಖಕರ ಸಹಿಗಿಂತ ನನ್ನ ತಿದ್ದುಪಡಿಗೇ ಡಿಮ್ಯಾಂಡು! ಓದು ಬಾರದವರೂ ಪುಸ್ತಕ ಕೊಂಡರು. ‘ನಂದರಾಗ ತಿದ್ದೀಯೇನು?’ ಅಂತ ಕೇಳಿ ಖಾತ್ರಿ ಮಾಡಿಕೊಂಡರು. ಬೆರಳು ನೋಯುತ್ತಿತ್ತು, ಮನಸ್ಸು ಹಗುರಾಗಿತ್ತು. ಇಷ್ಟು ವರ್ಷದ ಡಿಟಿಪಿ ಕೆಲಸದಲ್ಲಿ ನಾನು ಇಷ್ಟು ಖುಷಿಯಿಂದ ತಪ್ಪು ತಿದ್ದಿದ್ದಿಲ್ಲ. ಎರಡು ಗಂಟೆಯ ಹೊತ್ತಿಗೆ ಎರಡೂ ಬಂಡಲ್ ಖಾಲಿ.

ಹುಸೇನಣ್ಣ ಗೆದ್ದರು. ಗಂಗವ್ವ ಅವರಿಗಿಂತ ದೊಡ್ಡದಾಗಿ ಗೆದ್ದಳು. ಸೋತವಳು ನಾನೊಬ್ಬಳೇ, ಅದರ ಬಗ್ಗೆ ನನಗೆ ಬೇಜಾರಿಲ್ಲ. ಮುದುಕಿಗೆ ನೋವಾದೀತು ಅಂತ ನಾನು ಹೆದರಿದ್ದೆ, ನಿಜ. ಆದರೆ ಅವಳಿಗೆ ಸತ್ಯ ತಡೆಯುವ ಶಕ್ತಿ ಇಲ್ಲ ಅಂತ ತೀರ್ಮಾನಿಸಲು ನಾನ್ಯಾರು? ಅವಳನ್ನು ಕಾಪಾಡುತ್ತೇನೆ ಅಂತ ಹೊರಟು, ಅವಳು ಬದಲಾದ ದೊಡ್ಡತನವನ್ನೇ ಚಿಕ್ಕದು ಮಾಡಿದ್ದೆ. ಕೆಲವು ದಿನದ ತಪ್ಪು ಬಿಡುವುದು ಯಾವ ಮಹಾ ಕೆಲಸ? ಎರಡು ವರ್ಷದ್ದನ್ನು ಬಿಟ್ಟವಳು ಅವಳು.

ಈಗ ನೀವು ಹೇಳಿ. ಅಕ್ಷರ ಬಾರದ ಗಂಗವ್ವ ಊರ ಮುಂದೆ ತನ್ನ ತಪ್ಪಿನ ಲೆಕ್ಕವನ್ನು ತಾನೇ ಸರಿಪಡಿಸಿಕೊಂಡಳು. ಓದು ಬರಹ ಬಲ್ಲ ನಾವು, ನಮ್ಮ ಮನೆಯ ಗೂಡಿನಲ್ಲಿದ್ದ ತಟ್ಟೆ ಎಷ್ಟು ವರ್ಷ ಅಲ್ಲಿತ್ತು ಅಂತ ಬಾಯಿಬಿಟ್ಟು ಹೇಳುತ್ತೇವಾ?