ಮೆಟ್ರಿಯಿಂದ ಬರುತ್ತಿದ್ದ ತಬಲಾ

ಹೊಸಪೇಟೆಯ ನಮ್ಮ ಚರ್ಚಿನಲ್ಲಿ ನಾನು ಹಾರ್ಮೋನಿಯಂ ಮುಂದೆ ಕೂತು ಮೂವತ್ತು ವರ್ಷ ದಾಟಿತು. ಮದುವೆಗಳಿಗೆ ನುಡಿಸಿದ್ದೇನೆ, ಆ ದಂಪತಿಗಳ ಮಕ್ಕಳ ಜ್ಞಾನಸ್ನಾನಕ್ಕೆ ನುಡಿಸಿದ್ದೇನೆ, ಅವರ ತಂದೆತಾಯಿಯರ ಶವಪೆಟ್ಟಿಗೆಯ ಪಕ್ಕ ನಿಂತೂ ಹಾಡಿದ್ದೇನೆ. ಇದರಲ್ಲಿ ಇಪ್ಪತ್ತೆರಡು ವರ್ಷ ನನ್ನ ಎಡಕ್ಕೆ ಕೂತು ತಬಲಾ ನುಡಿಸಿದವರು ನಮ್ಮ ಧರ್ಮದವರಲ್ಲ. ಕಂಪ್ಲಿಯಾಚೆಯ ಮೆಟ್ರಿ ಎಂಬ ಹಳ್ಳಿಯ ಒಬ್ಬ ಲಿಂಗಾಯತ ರೈತ. ಕಾಲುವೆ ನೀರಿನ ಗದ್ದೆ, ಎರಡು ಎಮ್ಮೆ, ಊರ ಭಜನಾ ಸಂಘ, ಇಷ್ಟೇ ಅವರ ಬದುಕು. ಅದಕ್ಕೆ ನಮ್ಮ ಚರ್ಚನ್ನು ಸೇರಿಸಿದವಳು ನಾನು. ಅಲ್ಲಿಂದ ಅವರನ್ನು ಎಬ್ಬಿಸಿ ಕಳಿಸಿದವಳೂ ನಾನೇ.

ಆಗ ನಾನು ಶಾಲೆಯಲ್ಲಿ ಸಂಗೀತದ ಟೀಚರ್. ಹಂಪಿಯಲ್ಲಿ ಸರ್ಕಾರಿ ಕಾರ್ಯಕ್ರಮವೊಂದಕ್ಕೆ ನಮ್ಮ ಹುಡುಗಿಯರನ್ನು ಹಾಡಿಸಲು ಕರೆದುಕೊಂಡು ಹೋಗಿದ್ದೆ. ನಮ್ಮ ತಬಲಾದವರು ಕೈಕೊಟ್ಟಿದ್ದರು. ವೇದಿಕೆಯ ಹಿಂದೆ ನಾನು ಅಳುವ ಹಾಗೆ ನಿಂತಿದ್ದಾಗ, ಭಜನೆಗೆ ಬಂದಿದ್ದ ತಂಡದಿಂದ ಒಬ್ಬರು ಎದ್ದು ಬಂದರು. ಬಿಳಿ ಅಂಗಿ, ಪಂಚೆ, ಹಣೆ ತುಂಬ ವಿಭೂತಿ.

"ಯಾಕ್ರೀ ಅಕ್ಕಾರ, ತಬಲಾ ಇಲ್ಲೇನು? ನಾ ಕುಂದ್ರಲೇನ್ರಿ?"

"ನಮ್ಮ ಹಾಡು ನಿಮಗೆ ಗೊತ್ತಿಲ್ಲವಲ್ಲ?"

"ನೀವು ಹಾಡ್ರಿ. ನಾ ಹಿಂದ ಬರ್ತೀನಿ."

ಹಾಗೆಯೇ ಹಿಂದೆ ಬಂದರು. ಮಕ್ಕಳು ಎಡವಿದ ಕಡೆ ಕಾದರು, ಓಡಿದ ಕಡೆ ಹಿಡಿದರು. ಆ ವರ್ಷದ ಕ್ರಿಸ್ಮಸ್‌ಗೆ ಕರೆದೆ, ಬಂದರು. ಆಮೇಲೆ ಕರೆಯುವ ಅಗತ್ಯ ಬೀಳಲಿಲ್ಲ. ಪ್ರತಿ ಭಾನುವಾರ ಮೊದಲ ಬಸ್ಸಿಗೆ ಮೆಟ್ರಿ ಬಿಟ್ಟು, ಕಂಪ್ಲಿಯಲ್ಲಿ ಬಸ್ಸು ಬದಲಿಸಿ, ತಬಲಾ ಡಗ್ಗಾ ಎರಡನ್ನೂ ಹಳೆಯ ಬೆಡ್‌ಶೀಟಿನ ಚೀಲದಲ್ಲಿ ಹೊತ್ತು, ಪೂಜೆಗೆ ಅರ್ಧ ಗಂಟೆ ಮುಂಚೆಯೇ ಬಂದು ಸುತ್ತಿಗೆಯಿಂದ ಶ್ರುತಿ ಕೂರಿಸುತ್ತಿದ್ದರು. ಪರಮಪ್ರಸಾದದ ರೊಟ್ಟಿ ಸ್ವೀಕರಿಸಲು ಎಲ್ಲರೂ ಎದ್ದು ಸಾಲಿನಲ್ಲಿ ಹೋದರೆ ಅವರೊಬ್ಬರೇ ತಬಲಾದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ತಿಂಗಳಿಗೊಮ್ಮೆ ಗಣಿ ಕೆಲಸಗಾರರಿಗಾಗಿ ಸಂಡೂರಿನಲ್ಲಿ ಪೂಜೆ ಇರುತ್ತಿತ್ತು. ಅಲ್ಲಿಂದ ಬರುವಾಗ ಜೀಪಿನಲ್ಲಿ ಕೂತು, ತಮ್ಮ ಮುಖದ ಕೆಂಪು ಧೂಳನ್ನು ಹಾಗೇ ಬಿಟ್ಟು, ತಬಲಾದ ಧೂಳನ್ನು ಟವೆಲಿನಿಂದ ಒರೆಸುತ್ತಿದ್ದರು.

ಮೊದಲ ವರ್ಷ ನಮ್ಮ ಹಿರಿಯರೊಬ್ಬರಿಗೆ ಆ ವಿಭೂತಿ ಸರಿಬರಲಿಲ್ಲ. ಬಲಿಪೀಠದ ಅಷ್ಟು ಹತ್ತಿರ ಅದು ಬೇಕಾ ಎಂದು ಗುಸುಗುಸು ಎಬ್ಬಿಸಿದರು. ಅದು ಮೆಟ್ರಿಯವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಗುರುಗಳು ಎಲ್ಲರ ಹಣೆಗೂ ಬೂದಿ ಹಚ್ಚುವುದನ್ನು ಅವರು ಬೆರಗಿನಿಂದ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, "ಅಕ್ಕಾರ, ಇವತ್ತು ಎಲ್ಲಾರೂ ನಮ್ಮೋರ ಆಗಿಬಿಟ್ರಲ್ಲ!" ಅಂದರು. ಗುರುಗಳಿಗೆ ಕೇಳಿಸಿ ಅವರೂ ನಕ್ಕರು. ಗುಸುಗುಸು ಅಲ್ಲಿಗೆ ನಿಂತಿತು.

ಹೀಗೆ ಗುರುಗಳು ನಾಲ್ಕೈದು ಜನ ವರ್ಗವಾಗಿ ಬಂದರು, ಹೋದರು. ಹಾಡುವವರು ಬದಲಾದರು. ನಾವಿಬ್ಬರು ಮಾತ್ರ ಕೂತ ಜಾಗದಲ್ಲೇ ಇದ್ದೆವು.

ಮೂರು ವರ್ಷದ ಹಿಂದೆ ಒಂದು ಕುಟುಂಬದವರು ಚರ್ಚಿಗೆ ದೊಡ್ಡ ಕೀಬೋರ್ಡ್ ಕೊಟ್ಟರು. ಗುಂಡಿ ಒತ್ತಿದರೆ ತಬಲಾ, ಡ್ರಮ್ಸ್, ಏನು ಬೇಕೋ ಅದು ಬರುತ್ತಿತ್ತು. ಗಾಯನ ತಂಡದ ಹುಡುಗಿಯರಿಗೆ ಹಬ್ಬವೇ ಆಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಹಿತವಾಗಿತ್ತು. ಎಡಗೈಯಲ್ಲಿ ತಿದಿ ಒತ್ತಿ ಒತ್ತಿ ನನ್ನ ಭುಜ ಹಿಡಿದುಕೊಳ್ಳಲು ಶುರುವಾಗಿತ್ತು. ಆದರೆ ಯಂತ್ರದ ತಾಳ, ಮನುಷ್ಯನ ತಾಳ ಎರಡೂ ಒಟ್ಟಿಗೆ ಹೊಂದಲಿಲ್ಲ. ಹೊಸದಾಗಿ ಬಂದಿದ್ದ ಗುರುಗಳು ಒಂದು ದಿನ ನನ್ನನ್ನು ಕರೆದು, "ಅವರಿಗೂ ವಯಸ್ಸಾಯ್ತು ಮಿಸ್, ಅಷ್ಟು ದೂರದಿಂದ ಯಾಕೆ ಬರ್ಬೇಕು ಪಾಪ. ನೀವೇ ಹೇಳಿಬಿಡಿ, ನಿಮ್ಮ ಮಾತಂದ್ರೆ ಅವರಿಗೆ ಗೌರವ" ಅಂದರು.

ನಾನು ಹೇಳಲಿಲ್ಲ. ಫೋನ್ ಮಾಡಿ, "ಈ ವಾರ ಬ್ಯಾಡ್ರಿ, ಹೊಸ ಹಾಡಿನ ಪ್ರಾಕ್ಟೀಸ್ ಐತಿ" ಅಂದೆ. ಮುಂದಿನ ವಾರ ಇನ್ನೇನೋ ನೆಪ ಹೇಳಿದೆ. ಅದರ ಮುಂದಿನ ವಾರ ಫೋನೇ ಮಾಡಲಿಲ್ಲ. ಅರ್ಥ ಮಾಡಿಕೊಂಡಿರುತ್ತಾರೆ ಅಂದುಕೊಂಡೆ.

ಅದು ಪಾಸ್ಕಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ಒಂದು ವಾರ ಮುಂಚಿನ ಗರಿಗಳ ಭಾನುವಾರ. ಮೆರವಣಿಗೆ ಮುಗಿಸಿ ಎಲ್ಲರೂ ಗರಿ ಹಿಡಿದು ಒಳಗೆ ಬಂದೆವು. ಅವರ ಚಾಪೆ ಇರುತ್ತಿದ್ದ ಜಾಗದಲ್ಲಿ ಕೀಬೋರ್ಡಿನ ಸ್ಟ್ಯಾಂಡು, ಸ್ಪೀಕರು ನಿಂತಿದ್ದವು. ಮೊದಲ ಹಾಡು ಮುಗಿದ ಮೇಲೆ ತಲೆ ಎತ್ತಿ ನೋಡಿದರೆ, ಕೊನೆಯ ಬೆಂಚಿನಲ್ಲಿ ಅವರು. ತೊಡೆಯ ಮೇಲೆ ಚೀಲ. ಆ ದಿನದ ಪೂಜೆ ಉದ್ದ, ಯೇಸುವಿನ ಪಾಡುಗಳ ವಾಚನ ಪೂರ್ತಿ ಇರುತ್ತದೆ. ಅಷ್ಟು ಹೊತ್ತೂ ಅವರು ಚೀಲ ಕೆಳಗಿಡಲಿಲ್ಲ.

ಪೂಜೆ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ನನಗಾಗಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾತಾಡಿದರು.

"ಮಷೀನು ಭಾಳ ಚಲೋ ಐತ್ರಿ ಅಕ್ಕಾರ. ತಾಳ ಒಂಚೂರೂ ತಪ್ಪಂಗಿಲ್ಲ. ಆದ್ರ ನೀವು ಉಸುರು ತಗೊಳ್ಳಾಕ ನಿಂತ್ರ ಅದು ನಿಂದ್ರಂಗಿಲ್ಲ, ನೋಡ್ಕೆಂಡು ಹಾಡ್ರಿ."

ಅವರು ಕೈಮುಗಿದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹಿಂದೆ ಹೋಗಿ ತಡೆಯಬಹುದಿತ್ತು. ಅಷ್ಟರಲ್ಲಿ ಯಾರೋ ಪಾಸ್ಕಹಬ್ಬದ ಹಾಡುಗಳ ಬಗ್ಗೆ ಕೇಳಿದರು, ನಾನು ಒಳಗೆ ಹೋದೆ.

ನವೆಂಬರ್ ಕೊನೆಯಲ್ಲಿ ಅವರ ಮಗಳ ಫೋನ್ ಬಂತು. ಕಡ್ಡಿರಾಂಪುರಕ್ಕೆ ಕೊಟ್ಟ ಮಗಳು, ನನ್ನ ಪರಿಚಯದವಳೇ. "ಅಪ್ಪಗ ಲಕ್ವಾ ಹೊಡದೈತ್ರಿ ಟೀಚರ್. ಬಲಗೈ ಬಲಗಾಲು ಬಿದ್ದಾವು. ಮಾತೂ ಹೋಗೈತಿ." ನಾಳೆಯೇ ಬರುತ್ತೇನೆ ಅಂದೆ. ಆದರೆ ಕ್ರಿಸ್ಮಸ್ ಗೀತೆಗಳ ಅಭ್ಯಾಸ ಶುರುವಾಗಿತ್ತು. ಹೋಗಿದ್ದು ಕ್ರಿಸ್ಮಸ್ ಕಳೆದ ಮೇಲೆ.

ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಗಡ್ಡ ಬೆಳೆದಿತ್ತು, ವಿಭೂತಿ ಮಾತ್ರ ತಪ್ಪದೆ ಹಣೆಯಲ್ಲಿತ್ತು. ನನ್ನನ್ನು ನೋಡಿ ಎಡಗೈ ಎತ್ತಿದರು. ಅವರ ಹೆಂಡತಿ ನನಗೆ ಚಾಪೆ ಹಾಸಿ, ತಾವೂ ಎದುರಿಗೆ ಕೂತು ಹೇಳತೊಡಗಿದರು.

"ನಿಮ್ಮ ಚರ್ಚಿಗೆ ಹೊಂಟಾಗ ಹಿಂಗಾತ್ರಿ ಅಕ್ಕಾರ. ಕಂಪ್ಲಿ ಬಸ್‌ಸ್ಟ್ಯಾಂಡಿನ್ಯಾಗ ಬೆಂಚಿನ ಮ್ಯಾಲಿಂದ ಬಿದ್ದುಬಿಟ್ರು. ಒಂದು ಐತವಾರ ತಪ್ಪಿಸ್ದೋರಲ್ಲ. ಜ್ವರ ಇದ್ರೂ ತಬಲಾ ಹೊತ್ಕಂಡು ಹೋಗೋರು. ಅವತ್ತು ನೀವೆಲ್ಲಾ ದಾರಿ ಕಾಯ್ದಿರಬೇಕಲ್ರಿ?"

ನಾನು ಮಂಚದ ಮೇಲಿದ್ದವರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಕಣ್ಣುಗಳು ಮಾತ್ರ ಮೊದಲಿನ ಹಾಗೇ ಇದ್ದವು. ಹೇಳಬೇಡಿ ಎಂದು ಆ ಕಣ್ಣುಗಳು ಬೇಡುತ್ತಿವೆ ಅನ್ನಿಸಿತು. ನನಗೆ ಬೇಕಾಗಿದ್ದೂ ಅದೇ ಇರಬಹುದು.

"ಹೌದ್ರಿ," ಅಂದೆ. "ಭಾಳ ಹೊತ್ತು ಕಾದ್ವಿ."

ಅವರು ಕಣ್ಣು ಮುಚ್ಚಿದರು. ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಹೆಂಡತಿ ಸೆರಗಿನಿಂದ ಒರೆಸಿ, "ಯಾರ ಬಂದ್ರೂ ಹಿಂಗ ಅಳ್ತಾರ್ರಿ ಈಗ" ಅಂದರು.

ಹಿಂದಿರುಗುವಾಗ ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಚಹಾದವನನ್ನು ಕೇಳಿದೆ. ಅವನಿಗೆ ಚೆನ್ನಾಗಿ ಗೊತ್ತಿತ್ತು. "ತಬಲಾದ ಯಜಮಾನ್ರು? ಐತವಾರ ಐತವಾರ ಆ ಬೆಂಚಿನ ಮ್ಯಾಲ ಕುಂದ್ರತಿದ್ರು. ಹೊಸಪೇಟಿ ಬಸ್ಸು ಬಂದ್ರೂ ಹತ್ತತಿರಲಿಲ್ಲ. ಮಧ್ಯಾನ ಆದ ಮ್ಯಾಲ ಊರಿನ ಬಸ್ಸಿಗೆ ವಾಪಸ್ ಹೋಗತಿದ್ರು. ಯಾಕಂತ ನಾನೂ ಕೇಳ್ಲಿಲ್ರಿ."

ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಭಾನುವಾರಗಳು. ಚರ್ಚಿನಲ್ಲಿ ತಮ್ಮನ್ನು ಬೇಡ ಅಂದರು ಎಂದು ಮನೆಯಲ್ಲಿ ಹೇಳಲಾರದೆ, ಅವರು ಬಿಸಿಲಲ್ಲಿ ಮಳೆಯಲ್ಲಿ ಆ ಬೆಂಚಿನ ಮೇಲೆ ಕೂತಿದ್ದರು. ಅದೇ ಹೊತ್ತಿಗೆ ನಾವು ಗುಂಡಿ ಒತ್ತಿ ಹಾಡುತ್ತಿದ್ದೆವು.

ಮುಂದಿನ ಭಾನುವಾರ ಹೋಗಿ, ಅವರೊಬ್ಬರೇ ಇರುವಾಗ ತಪ್ಪಾಯಿತು ಅನ್ನಬೇಕೆಂದಿದ್ದೆ. ಶುಕ್ರವಾರವೇ ತೀರಿಕೊಂಡರು.

ಮೆಟ್ರಿಗೆ ಹೋದಾಗ ಅವರನ್ನು ಗೋಡೆಗೊರಗಿಸಿ ಕೂರಿಸಿ, ಮೈತುಂಬ ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಭಜನಾ ಸಂಘದವರು ಮುಂದೆ ಕೂತು ಹಾಡುತ್ತಿದ್ದರು. ನನ್ನನ್ನು ಗುರುತಿಸಿದ ಹಿರಿಯರೊಬ್ಬರು ಹಾರ್ಮೋನಿಯಂ ನನ್ನ ಕಡೆ ಸರಿಸಿದರು.

"ಬರ್ರಿ ಅಕ್ಕಾರ, ಕುಂದ್ರಿ. ನಿಮ್ಮ ಚರ್ಚಿನ ಪದ ಒಂದು ಹೇಳ್ರಿ. ಆತ ನಮಗೂ ಎರಡು ಕಲಿಸ್ಯಾನ."

ನಾವು ಶವಸಂಸ್ಕಾರಕ್ಕೆ ಹಾಡುವ ಗೀತೆಯನ್ನು ಎತ್ತಿಕೊಂಡೆ. ಎರಡನೆಯ ಸಾಲಿಗೆ ಆ ರೈತರೆಲ್ಲ ಸೇರಿಕೊಂಡರು. ಒಂದು ಪದವೂ ತಪ್ಪಲಿಲ್ಲ. ನಡುವೆ ನಾನು ಹಾಡುವುದನ್ನು ಬಿಟ್ಟೆ, ಅವರೇ ಹಾಡಿ ಮುಗಿಸಿದರು. ಸಂಜೆಯೊಳಗೆ ಯಜಮಾನರನ್ನು ಅವರದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ತಿಂಗಳು ಕಳೆದ ಮೇಲೆ ಮತ್ತೆ ಹೋದೆ. ಹೆಂಡತಿ ಒಬ್ಬರೇ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ: ಕೀಬೋರ್ಡು, ನನ್ನ ನೆಪಗಳು, ಗರಿಗಳ ಭಾನುವಾರ, ಕಂಪ್ಲಿಯ ಬೆಂಚು. ಅವರು ಮೊರವನ್ನು ಕೆಳಗಿಟ್ಟು ಎದ್ದು ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಎದ್ದು ಹೋಗಲೋ ಕೂತಿರಲೋ ತಿಳಿಯದೆ ಕೂತಿದ್ದೆ. ಕೊನೆಗೆ ಎರಡು ಲೋಟ ಚಹಾ ಹಿಡಿದು ಬಂದರು. ಅತ್ತು ಕೆಂಪಾದ ಕಣ್ಣು.

"ಇದನ್ನ ಅವರ ಮುಂದ ಹೇಳಬೇಕಿತ್ರಿ ನೀವು," ಅಂದರು. "ನನ್ನ ಮುಂದ ಹೇಳಿ ಏನು ಬಂತು?"

ನಾನು ಲೋಟ ತೆಗೆದುಕೊಂಡೆ. ಆಮೇಲೆ ಅವರೇ, "ಮಕ್ಕಳಿಗೆ ಹೇಳಬ್ಯಾಡ್ರಿ. ಅಪ್ಪ ಚರ್ಚಿಗೆ ಹೋಗತಿದ್ದ ಅಂತಾನ ಇರ್ಲಿ" ಅಂದರು. ಚಹಾ ಕುಡಿದೆ. ಬಸ್ಸಿನ ಹೊತ್ತಾಯಿತೆಂದು ಎದ್ದೆ. ಅವರು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, ತಲೆ ಎತ್ತದೆ, "ಹೋಗಿ ಬರ್ರಿ" ಅಂದರು.