ಕಾಕು ಬಿಟ್ಟುಕೊಟ್ಟ ಚಿನ್ನದ ರೇಕಿನ ಪುಸ್ತಕ

ಹೋದ ಭಾನುವಾರ ಪಲಾವಿಗೆಂದು ಲವಂಗದ ಡಬ್ಬಿ ತೆರೆದೆ. ಆ ವಾಸನೆಗೆ ಪಕ್ಕದ ಮನೆಯ ಕಾಕು ನೆನಪಾದರು… ಜೊತೆಗೆ ಅವರ ಮರದ ಪೆಟ್ಟಿಗೆ, ಅದರೊಳಗಿನ ಪುಸ್ತಕ. ಹುಳ ಹತ್ತಬಾರದೆಂದು ಪೆಟ್ಟಿಗೆಯ ಮೂಲೆಗಳಲ್ಲಿ ಲವಂಗದ ಪುಟ್ಟ ಗಂಟು ಇಡುತ್ತಿದ್ದರು.

ನಾವು ಮೈಸೂರಿನಿಂದ ಲಂಡನ್ನಿನ ಹ್ಯಾರೋಗೆ ಬಂದ ಹೊಸತು. ಕಾಕು ಧಾರವಾಡದವರು, ನಿವೃತ್ತರಾಗಿದ್ದ ಮಕ್ಕಳ ಡಾಕ್ಟರು. ಅವರ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ನಾನೂ ಕಾಕು ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದರು. ಸಂಜೆ ನಾನು ಹೋದರೆ ಕೈ ತೊಳೆದು ಬರಲು ಹೇಳಿ, ಒರೆಸಿಕೊಳ್ಳಲು ಟವೆಲ್ ಕೊಟ್ಟು, ಆಮೇಲೆ ಪುಸ್ತಕ ಬಿಚ್ಚುತ್ತಿದ್ದರು.

ಐನೂರು ವರ್ಷಗಳ ಹಿಂದೆ ಇಟಲಿಯ ಫ್ಲಾರೆನ್ಸಿನಲ್ಲಿ ಕೈಯಿಂದ ಬರೆದ ಲ್ಯಾಟಿನ್ ಪುಸ್ತಕ ಅದು. ಆಡಿನ ಚರ್ಮದ ಹಾಳೆಗಳು. ಒಬ್ಬ ಪಠ್ಯವನ್ನು ಬರೆದು ದೊಡ್ಡಕ್ಷರಗಳ ಜಾಗ ಖಾಲಿ ಬಿಟ್ಟಿದ್ದ. ಇನ್ನೊಬ್ಬ ಅಲ್ಲಿ ಚಿನ್ನದ ರೇಕು ಅಂಟಿಸಿ, ಉಜ್ಜಿ ಹೊಳಪು ಕೊಟ್ಟು, ಸುತ್ತ ಬಿಳಿ ಬಳ್ಳಿ ಹಬ್ಬಿಸಿದ್ದ. ಬರೆದವನು ಎಲ್ಲೋ ಒಂದು ಸಾಲು ಮರೆತು, ಆಮೇಲೆ ಅಂಚಿನಲ್ಲಿ ಸಣ್ಣಗೆ ತುರುಕಿದ್ದು ಕಾಕುವಿಗೆ ಬಹಳ ಇಷ್ಟ. ಮೊದಲ ಪುಟದ ಕೆಳಗೆ, ಪುಸ್ತಕ ಬರೆಸಿದ ಮನೆತನದ ಲಾಂಛನವನ್ನು ಕೆರೆದು ಮುಂದಿನ ಒಡೆಯ ತನ್ನದನ್ನು ಬಿಡಿಸಿಕೊಂಡಿದ್ದ. ಕಾಕುವಿಗೆ ಬರುತ್ತಿದ್ದ ಲ್ಯಾಟಿನ್ ಎಂದರೆ ಎಲುಬುಗಳ ಹೆಸರು ಮಾತ್ರ. ಆದರೂ ಸಾಲು ಸಾಲಾಗಿ ನೋಡುತ್ತಾ ಕೂರುತ್ತಿದ್ದರು.

ಅದು ಅವರಿಗೆ ಬಂದದ್ದು ಲಂಡನ್ನಿನ ಮೊದಲ ಮನೆಯೊಡತಿಯಿಂದ. ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ಕಾಲದಲ್ಲಿ ಕಾಕು ಆ ಒಂಟಿ ಮುದುಕಿಗೆ ಊಟ ಕೊಟ್ಟು, ಕಾಯಿಲೆಯಲ್ಲಿ ನೋಡಿಕೊಂಡಿದ್ದರು. ಆಕೆ ತಂದೆಯಿಂದ ತನಗೆ ಬಂದಿದ್ದ ಪುಸ್ತಕವನ್ನು ಇವರಿಗೆ ಬಿಟ್ಟುಹೋಗಿದ್ದಳು.

ಎಂಬತ್ತು ದಾಟಿದ ಮೇಲೆ ಕಾಕುವಿಗೆ ಚಿಂತೆ ಹತ್ತಿತು, ಮುಂದೆ ಇದನ್ನು ನೋಡಿಕೊಳ್ಳುವವರು ಯಾರು ಎಂದು. ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬನನ್ನು ಕರೆಸಿದರು. ಇಡಿಯಾಗಿ ಕೊಳ್ಳುವವರು ಕಡಿಮೆ, ಹಾಳೆಗಳನ್ನು ಬಿಡಿಸಿ ಒಂದೊಂದಕ್ಕೂ ಫ್ರೇಮ್ ಹಾಕಿಸಿದರೆ ಬೇಗ ಹೋಗುತ್ತವೆ ಎಂದ ಅವನು. ಕಾಕು ಅವನಿಗೆ ಚಹಾ ಕೊಟ್ಟು ಕಳಿಸಿದರು. ಬಾಗಿಲು ಹಾಕಿ ಬಂದು ನನ್ನೆದುರು ಕೂತರು.

“ಐದುನೂರು ವರ್ಷ ಎಲ್ಲಾ ಹಾಳಿ ಕೂಡೇ ಬಂದಾವ. ನನ್ನ ಮನ್ಯಾಗ ಬಂದು ಅಗಲಬೇಕೇನವಾ?”

ಪುಸ್ತಕವನ್ನು ದಾನ ಕೊಡಲೆಂದು ಒಂದು ಬೆಳಿಗ್ಗೆ ಇಬ್ಬರೂ ಮೆಟ್ರೊಪಾಲಿಟನ್ ಲೈನ್ ರೈಲು ಹಿಡಿದು ನಗರದ ದೊಡ್ಡ ಗ್ರಂಥಾಲಯಕ್ಕೆ ಹೊರಟೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ, ಅವರ ಕೈ ಪೆಟ್ಟಿಗೆಯ ಮೇಲೆ. ಪುಸ್ತಕವನ್ನು ಎಂದೂ ಬಿಡಿಸುವುದಿಲ್ಲವೆಂದು ಅಲ್ಲಿಯವರು ಮಾತು ಕೊಟ್ಟು, ದಾನಿಯ ಹೆಸರು ಕೇಳಿದರು. ಕಾಕು ಮನೆಯೊಡತಿಯ ಹೆಸರು ಹೇಳಿದರು. ನಿಮ್ಮದು ಬೇಡವೇ ಕಾಕು ಎಂದು ಕೇಳಿದೆ.

“ನಾ ಏನು, ಬಾಡಿಗಿ ಇದ್ದಾಕಿ,” ಎಂದು ನಕ್ಕರು. ಮರಳುವಾಗ ದಾರಿಯುದ್ದಕ್ಕೂ ಹಗುರಾಗಿ ಮಾತಾಡಿದರು.

ಕಾಕು ಈಗಿಲ್ಲ. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಭಾನುವಾರದ ನೆನಪು ಬಿಡದೆ, ಮೊನ್ನೆ ಆ ಗ್ರಂಥಾಲಯಕ್ಕೆ ಹೋಗಿದ್ದೆ. ಗಾಜಿನ ಕೆಳಗಿನ ಪುಟ ನೋಡುತ್ತಾ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, ಇದನ್ನು ಕೊಟ್ಟವರು ಭಾರಿ ಶ್ರೀಮಂತರಿರಬೇಕು ಎಂದರು. ಹಾಗಲ್ಲ ಎಂದು ಶುರುಮಾಡಿ, ಮನೆಯೊಡತಿ, ಕಾಕು, ವ್ಯಾಪಾರಿ ಕುಡಿದು ಹೋದ ಚಹಾ, ಎಲ್ಲವನ್ನೂ ಹೇಳಿದೆ. ಆಕೆ ಕೊನೆಯವರೆಗೂ ನಿಂತು ಕೇಳಿದರು. ನನಗೆ ಖುಷಿಯೋ ಖುಷಿ. ಮನೆಗೆ ಹೋದೊಡನೆ ಕಾಕುವಿಗೆ ಹೇಳಬೇಕು ಅಂದುಕೊಂಡೇ ಟ್ಯೂಬ್ ರೈಲು ಹತ್ತಿದ್ದೆ… ಒಂದೆರಡು ಸ್ಟೇಷನ್ ಕಳೆದ ಮೇಲೆ ನೆನಪಾಯಿತು.